ಐಸ್ ಕಾಫಿಗೆ ಮೊದಲು ಬೇಕಾದ್ದು ಗಟ್ಟಿ ಡಿಕಾಕ್ಷನ್

ಮನೆಯಲ್ಲಿ ಮಾಡಿದ ಐಸ್ ಕಾಫಿ ನೀರುನೀರಾಗಿರುತ್ತದೆ ಎಂಬ ದೂರು ಪ್ರತಿ ಬೇಸಿಗೆಯಲ್ಲೂ ಕಿವಿಗೆ ಬೀಳುತ್ತದೆ. ಕೆಲವರು ಪುಡಿಯನ್ನು ದೂರುತ್ತಾರೆ, ಕೆಲವರು ಹಾಲನ್ನು. ಅಂಗಡಿಯವರ ಹತ್ತಿರ ಏನೋ ಯಂತ್ರವಿದೆ, ಅದಿಲ್ಲದೆ ಈ ಕೆಲಸ ಆಗದು ಎಂದು ಕೈಚೆಲ್ಲಿದವರೂ ಇದ್ದಾರೆ. ಆದರೆ ಕಾರಣ ತೀರಾ ಸರಳ. ಬೆಳಿಗ್ಗೆ ಕುಡಿಯುವ ಬಿಸಿ ಕಾಫಿಯನ್ನೇ ಲೋಟಕ್ಕೆ ಬಗ್ಗಿಸಿ ಅದರ ಮೇಲೆ ಐಸ್ ಸುರಿದರೆ, ಐಸ್ ಕರಗಿ ಕಾಫಿಯೊಳಗೆ ನೀರಾಗಿ ಸೇರಿಕೊಳ್ಳುತ್ತದೆ. ಎಷ್ಟು ನೀರು ಸೇರುತ್ತದೆ ಎಂಬ ಲೆಕ್ಕ ಹಾಕಿ ನೋಡಿದವರು ಕಡಿಮೆ. ಆ ಲೆಕ್ಕ ಒಮ್ಮೆ ತಲೆಗೆ ಹೋದರೆ ಉಳಿದ ಪಾಠವೆಲ್ಲ ತಾನಾಗಿ ತಿಳಿಯುತ್ತದೆ.

ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಳ್ಳೋಣ. ಒಂದು ಗ್ರಾಂ ನೀರು ಒಂದು ಡಿಗ್ರಿಯಷ್ಟು ತಣಿಯಬೇಕಾದರೆ ಅದರಿಂದ ಒಂದು ಕ್ಯಾಲೊರಿ ಶಾಖ ಹೊರಹೋಗಬೇಕು. ಒಂದು ಗ್ರಾಂ ಐಸ್ ಕರಗಿ ನೀರಾಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಸೊನ್ನೆಗಿಂತ 18 ಡಿಗ್ರಿ ಕೆಳಗಿರುವುದರಿಂದ ಇನ್ನೂ ಒಂಬತ್ತು ಕ್ಯಾಲೊರಿ ಹೆಚ್ಚು ಹೀರುತ್ತದೆ. ಈಗ 70 ಡಿಗ್ರಿ ಬಿಸಿಯಿರುವ 180 ಮಿ.ಲೀ. ಕಾಫಿಯನ್ನು ಐದು ಡಿಗ್ರಿಗೆ ಇಳಿಸಬೇಕು ಎಂದಿಟ್ಟುಕೊಳ್ಳಿ. ಅದಕ್ಕೆ ಸುಮಾರು 125 ಗ್ರಾಂ ಐಸ್ ಪೂರ್ತಿ ಕರಗಬೇಕು. ಮನೆಯ ಟ್ರೇಯಲ್ಲಿ ಮಾಡಿದ ಒಂದು ತುಂಡು 15ರಿಂದ 20 ಗ್ರಾಂ ಇರುತ್ತದೆ. ಅಂದರೆ ಏಳೆಂಟು ತುಂಡು. 180 ಮಿ.ಲೀ. ಇದ್ದದ್ದು 300 ದಾಟುತ್ತದೆ, ಕಾಫಿಯ ಗಟ್ಟಿತನ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಎಂಥ ಒಳ್ಳೆಯ ಪುಡಿಯಾದರೂ ಇದರಿಂದ ಚೇತರಿಸಿಕೊಳ್ಳಲಾರದು.

ಅದೇ ಕಾಫಿಯನ್ನು ಬೇರೆ ದಾರಿಯಲ್ಲಿ ಮಾಡಿ ನೋಡಿ. ಕೋಣೆಯ ಶಾಖಕ್ಕೆ, ಅಂದರೆ 30 ಡಿಗ್ರಿಯ ಸುತ್ತಮುತ್ತ, ತಣಿದ 60 ಮಿ.ಲೀ. ಗಟ್ಟಿ ಡಿಕಾಕ್ಷನ್, ಫ್ರಿಜ್‌ನಿಂದ ತೆಗೆದ 120 ಮಿ.ಲೀ. ಹಾಲು. ಎರಡೂ ಸೇರಿದಾಗಲೇ ಲೋಟ 13 ಡಿಗ್ರಿಯ ಹತ್ತಿರ ಬಂದಿರುತ್ತದೆ. ಅಲ್ಲಿಂದ ಐದಕ್ಕೆ ಇಳಿಸಲು ಕರಗಬೇಕಾದ ಐಸ್ ಬರೀ 16 ಗ್ರಾಂ. ಒಂದೇ ಒಂದು ತುಂಡು. ಲೋಟದಲ್ಲಿರುವ ಉಳಿದ ಐಸ್ ನೀವು ಕುಡಿದು ಮುಗಿಸುವವರೆಗೆ ನಿಧಾನವಾಗಿ ಕರಗುತ್ತ ತಂಪು ಕಾಯುತ್ತದೆ. ಒಂದು ಕಡೆ 125 ಗ್ರಾಂ ನೀರು, ಇನ್ನೊಂದು ಕಡೆ 16 ಗ್ರಾಂ. ಯಂತ್ರವಿಲ್ಲದ ಮನೆಗೂ ದುಬಾರಿ ಅಂಗಡಿಗೂ ಇರುವ ಅಂತರದ ಬಹುಪಾಲು ಇಷ್ಟರಲ್ಲೇ ಅಡಗಿದೆ.

ಕಾಫಿಯ ನಾಡಿನವರಾದ ನಮಗೆ ಇದು ಮೊದಲೇ ಯಾಕೆ ರೂಢಿಯಾಗಲಿಲ್ಲ? ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿರುವ ನಮ್ಮ ರಾಜ್ಯದಲ್ಲೇ. ಬಾಬಾಬುಡನ್ ಅವರು 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಬೀಜ ಬೇಗ ಬಂತು, ಐಸ್ ಬಹಳ ತಡವಾಗಿ ಬಂತು. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹೊರಟ ಹಡಗೊಂದು ಅಲ್ಲಿನ ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆಯನ್ನು ಮರದ ಪುಡಿಯಲ್ಲಿ ಹುದುಗಿಸಿ ಕಲ್ಕತ್ತಕ್ಕೆ ತಂದಿಳಿಸಿತು. ಮದ್ರಾಸಿನ ಕಡಲತೀರದಲ್ಲಿ 1840ರ ದಶಕದಲ್ಲಿ ಅದಕ್ಕೆಂದೇ ಕಟ್ಟಿದ ಐಸ್ ಹೌಸ್ ಈಗಲೂ ಇದೆ. ಅಮೆರಿಕದಿಂದ ಮರಳಿದ ಸ್ವಾಮಿ ವಿವೇಕಾನಂದರು 1897ರಲ್ಲಿ ತಂಗಿದ್ದು ಆ ಕಟ್ಟಡದಲ್ಲೇ. ಆದರೆ ಆ ಮಂಜುಗಡ್ಡೆ ಬಿಳಿಯ ಅಧಿಕಾರಿಗಳ ಮತ್ತು ಸಿರಿವಂತರ ಮೇಜಿಗೆ ಹೋಯಿತೇ ಹೊರತು ನಮ್ಮ ಅಡುಗೆಮನೆಗೆ ಬರಲಿಲ್ಲ. ಮಧ್ಯಮವರ್ಗದ ಮನೆಗೆ ಫ್ರಿಜ್ ಬರುವ ಹೊತ್ತಿಗೆ ಕಾಫಿಯೆಂದರೆ ಬಿಸಿ, ನೊರೆ, ಹಬೆ ಎಂಬ ರುಚಿ ನಾಲಗೆಯಲ್ಲಿ ಗಟ್ಟಿಯಾಗಿ ಕೂತಾಗಿತ್ತು.

ಬೇರೆ ಕಡೆ ತಂಪು ಕಾಫಿ ಬೇರೆ ಬೇರೆ ಒತ್ತಡಗಳಿಂದ ಹುಟ್ಟಿತು. ಅಲ್ಜೀರಿಯದ ಮಝಗ್ರಾನ್ ಎಂಬ ಊರಿನ ಕೋಟೆಯಲ್ಲಿ 1840ರಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಫ್ರೆಂಚ್ ಸೈನಿಕರು ಸಿಹಿ ಕಾಫಿಗೆ ತಣ್ಣೀರು ಬೆರೆಸಿ ಕುಡಿದರೆಂದು ಹೇಳುತ್ತಾರೆ. ಆ ಊರಿನ ಹೆಸರೇ ಆ ಪಾನೀಯಕ್ಕೂ ಅಂಟಿಕೊಂಡಿತು. ಪೋರ್ಚುಗಲ್‌ನಲ್ಲಿ ಇಂದಿಗೂ ಅದಕ್ಕೆ ನಿಂಬೆರಸ ಹಿಂಡಿ ಕುಡಿಯುತ್ತಾರೆ. ಗ್ರೀಸ್‌ನ ಥೆಸಲೊನೀಕಿ ಮೇಳದಲ್ಲಿ 1957ರಲ್ಲಿ ನೆಸ್ಕೆಫೆಯ ಪ್ರತಿನಿಧಿಯಾಗಿದ್ದ ದಿಮಿತ್ರಿಸ್ ವಾಕೊಂಡಿಯೊಸ್ ಅವರಿಗೆ ಬಿಸಿನೀರು ಸಿಗಲಿಲ್ಲ. ಇನ್‌ಸ್ಟಂಟ್ ಪುಡಿಯನ್ನು ತಣ್ಣೀರಿನ ಜೊತೆ ಶೇಕರ್‌ಗೆ ಹಾಕಿ ಕುಲುಕಿದರು. ಅದರಿಂದ ಬಂದ ಗಟ್ಟಿ ನೊರೆಯ ಫ್ರಾಪೆ ಇಡೀ ದೇಶದ ಬೇಸಿಗೆ ಪಾನೀಯವಾಯಿತು.

ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು ವಿಯೆಟ್ನಾಂನ ಪದ್ಧತಿ. ಅಲ್ಲಿ ರೊಬಸ್ಟಾ ಬೆಳೆ ಹೇರಳ. ಅವರ ‘ಫಿನ್’ ಎಂಬ ಪುಟ್ಟ ಲೋಹದ ಪಾತ್ರೆಗೂ ನಮ್ಮ ಫಿಲ್ಟರಿಗೂ ಹೆಚ್ಚೇನೂ ವ್ಯತ್ಯಾಸವಿಲ್ಲ: ತಳದಲ್ಲಿ ತೂತು, ಪುಡಿಯ ಮೇಲೊಂದು ತೂತಿನ ತಟ್ಟೆ, ಮೇಲಿಂದ ಬಿಸಿನೀರು, ಕೆಳಗೆ ತೊಟ್ಟುತೊಟ್ಟಾಗಿ ಇಳಿಯುವ ಗಟ್ಟಿ ರಸ. ಹಸಿ ಹಾಲಿನ ಕೊರತೆಯಿದ್ದ ಕಾಲದಲ್ಲಿ ಶುರುವಾದ ಕಂಡೆನ್ಸ್ಡ್ ಹಾಲಿನ ಬಳಕೆ ಅಲ್ಲಿ ಹಾಗೇ ಉಳಿದಿದೆ. ಲೋಟದ ತಳದಲ್ಲಿ ಆ ಹಾಲು, ಅದರ ಮೇಲೆ ಇಳಿದ ಕಾಫಿ, ಚೆನ್ನಾಗಿ ಕಲಸಿ, ಕೊನೆಗೆ ಐಸ್. ಒಂದು ಡಬ್ಬಿ ಮಿಲ್ಕ್‌ಮೇಡ್ ಮತ್ತು ಫಿಲ್ಟರ್ ಇದ್ದರೆ ಹಾಸನದ ಮನೆಯಲ್ಲೂ ಇದೇ ಕಾಫಿ ಸಿದ್ಧವಾಗುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಐಸ್ ಕಾಫಿಗೆ ಬೇಕಾದ ಮುಖ್ಯ ಸಾಧನ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಮೊದಲಿನಿಂದಲೂ ಇದೆ. ಐಸ್ ಸೇರಿ ತೆಳುವಾದರೂ ರುಚಿ ಉಳಿಯಬೇಕಾದರೆ ಆರಂಭದ ಕಾಫಿ ಗಟ್ಟಿಯಾಗಿರಬೇಕು. ಫಿಲ್ಟರ್ ಡಿಕಾಕ್ಷನ್ ಹಾಲು ಬೆರೆಸುವುದಕ್ಕೆಂದೇ ಗಟ್ಟಿಯಾಗಿ ಇಳಿಸಿದ ರಸ. ಸ್ವಲ್ಪ ಎಚ್ಚರಿಕೆಯಿಂದ ಇಳಿಸಿದರೆ ಅದೇ ಐಸ್ ಕಾಫಿಯ ಅತ್ಯುತ್ತಮ ಬುನಾದಿ.

ಎರಡು ಲೋಟಕ್ಕೆ 40 ಗ್ರಾಂ ಪುಡಿ ತೆಗೆದುಕೊಳ್ಳಿ. ತೂಕದ ಯಂತ್ರವಿಲ್ಲದಿದ್ದರೆ ದೊಡ್ಡ ಚಮಚದಲ್ಲಿ ತುಂಬಿ ಐದಾರು. ಮೇಲಿನ ಪಾತ್ರೆಗೆ ಪುಡಿ ಹಾಕಿ ಬದಿಯಲ್ಲಿ ಎರಡು ಸಲ ತಟ್ಟಿ ಮಟ್ಟ ಮಾಡಿ, ಹಿಡಿಯಿರುವ ತಟ್ಟೆಯನ್ನು ಹಗುರವಾಗಿ ಒತ್ತಿಡಿ. ಬಲವಾಗಿ ಒತ್ತಿದರೆ ನೀರು ಇಳಿಯುವುದಿಲ್ಲ. ಒತ್ತದೇ ಬಿಟ್ಟರೆ ಪುಡಿಯ ನಡುವೆ ದಾರಿ ಮಾಡಿಕೊಂಡು ಸರ್ರನೆ ಇಳಿದುಬಿಡುತ್ತದೆ, ಡಿಕಾಕ್ಷನ್ ತೆಳುವಾಗುತ್ತದೆ. ಕುದಿದು ಒಂದರ್ಧ ನಿಮಿಷ ಕಳೆದ ನೀರನ್ನು ಮೊದಲು ಪುಡಿ ನೆನೆಯುವಷ್ಟೇ ಸುತ್ತಲೂ ಹಾಕಿ. ಪುಡಿ ಉಬ್ಬಿ ಒಳಗಿನ ಗಾಳಿ ಹೊರಬರಲು ಬಿಡಿ, ಆಮೇಲೆ ಉಳಿದ ನೀರು. ಒಟ್ಟು 200 ಮಿ.ಲೀ. ಸಾಕು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುವುದರಿಂದ ಕೆಳಗಿಳಿಯುವುದು ಹತ್ತಿರ ಹತ್ತಿರ 120 ಮಿ.ಲೀ. ಮುಚ್ಚಳ ಹಾಕಿ ಇಪ್ಪತ್ತು ನಿಮಿಷ ಅದರ ಪಾಡಿಗೆ ಬಿಡಿ. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸುವ ಎರಡನೇ ಡಿಕಾಕ್ಷನ್ ಬಿಸಿ ಕಾಫಿಗೆ ನಡೆದೀತು, ಐಸ್ ಕಾಫಿಗೆ ಖಂಡಿತ ಬೇಡ. ಅದರಲ್ಲಿ ಉಳಿದಿರುವುದು ಕಹಿ ಮಾತ್ರ.

ಪುಡಿ ಯಾವುದು? ತಂಪಾದಾಗ ಕಾಫಿಯ ಪರಿಮಳ ಕುಗ್ಗುತ್ತದೆ, ಯಾಕೆಂದರೆ ಪರಿಮಳದ ಕಣಗಳು ಹಾರಿ ಮೂಗಿಗೆ ತಲುಪಲು ಶಾಖ ಬೇಕು. ಹೀಗಾಗಿ ಹಳೆಯ ಪುಡಿಯ ದೋಷ ಬಿಸಿ ಕಾಫಿಗಿಂತ ಐಸ್ ಕಾಫಿಯಲ್ಲಿ ಬೇಗ ಬಯಲಾಗುತ್ತದೆ. ಕಣ್ಣೆದುರೇ ಹುರಿದು ಬೀಸಿಕೊಡುವ ಅಂಗಡಿಗಳು ನಮ್ಮ ಊರುಗಳಲ್ಲಿ ಇನ್ನೂ ಉಳಿದಿವೆ. ಅಲ್ಲಿಂದ ಒಂದು ವಾರಕ್ಕಾಗುವಷ್ಟೇ ತನ್ನಿ. ಹಾಲು ಹಾಕುವ ಐಸ್ ಕಾಫಿಗೆ ಅರೇಬಿಕಾ ಜೊತೆ ಸ್ವಲ್ಪ ರೊಬಸ್ಟಾ ಇದ್ದರೆ ಒಳ್ಳೆಯದು. ರೊಬಸ್ಟಾದ ಗಡಸುತನ ಹಾಲು, ಐಸ್, ಸಕ್ಕರೆ ಮೂರನ್ನೂ ದಾಟಿ ನಾಲಗೆಗೆ ಬರುತ್ತದೆ. ಹಾಲಿಲ್ಲದ ಕಾಫಿಯಾದರೆ ತೊಳೆದು ಸಂಸ್ಕರಿಸಿದ ಅರೇಬಿಕಾ ಒಂದೇ ಸಾಕು.

ಚಿಕೋರಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಅದರ ಸುತ್ತ ತಪ್ಪು ತಿಳಿವಳಿಕೆ ತುಂಬಾ ಇದೆ. ಅದು ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದಾಗ ಕಪ್ಪು ಬಣ್ಣ, ಸುಟ್ಟ ಸಕ್ಕರೆಯಂಥ ವಾಸನೆ, ಬಾಯಿ ತುಂಬುವ ಗಟ್ಟಿತನ ಕೊಡುತ್ತದೆ, ಕೆಫೀನ್ ಇಲ್ಲ. ಅದು ವಿಷವೂ ಅಲ್ಲ, ಕಲಬೆರಕೆಯೂ ಅಲ್ಲ. ಪೊಟ್ಟಣದ ಮೇಲೆ ಪ್ರಮಾಣ ನಮೂದಿಸದಿದ್ದರೆ ಮಾತ್ರ ಮೋಸ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ ಎಂದು ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಂದರೆ ಶೇ 49ರವರೆಗೆ ಚಿಕೋರಿ ತುಂಬಿದ ಪೊಟ್ಟಣವೂ ಕಾನೂನಿನ ಪ್ರಕಾರ ಸರಿಯೇ. ಅಂಥ ಪುಡಿಯಿಂದ ಐಸ್ ಕಾಫಿ ಮಾಡಿದರೆ ಬಣ್ಣ ಕಡುಗಪ್ಪು, ರುಚಿ ಮಣ್ಣುಮಣ್ಣು. ಪರಿಮಳ ಮೊದಲೇ ಕುಗ್ಗಿರುವ ತಂಪಿನಲ್ಲಿ ಚಿಕೋರಿಯ ವಾಸನೆಯೊಂದೇ ಎದ್ದು ನಿಲ್ಲುತ್ತದೆ. ಶೇ 15ರಿಂದ 20ರಷ್ಟಿದ್ದರೆ ಮಾತ್ರ ಹಾಲಿನ ಜೊತೆ ಚೆನ್ನಾಗಿ ಹೊಂದುತ್ತದೆ, ಐಸ್ ಕರಗಿದಾಗಲೂ ಕಾಫಿ ತೆಳುವೆನಿಸದು. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನಲ್ಲೂ ಚಿಕೋರಿ ಬೆರೆಸಿದ ಕಾಫಿಯನ್ನು ತಣ್ಣೀರಿನಲ್ಲಿ ನೆನೆಸಿ, ಹಾಲು ಮತ್ತು ಐಸ್ ಹಾಕಿ ಕುಡಿಯುವ ರೂಢಿಯಿದೆ. ಅವರ ಅನುಭವವೂ ನಮ್ಮದೂ ಇಲ್ಲಿ ಒಂದೇ ಮಾತು ಹೇಳುತ್ತವೆ. ಹಾಲಿಲ್ಲದಿದ್ದರೆ ಚಿಕೋರಿ ಬೇಡವೇ ಬೇಡ.

ಇಳಿದ ಡಿಕಾಕ್ಷನ್ ಬೇಗ ತಣಿಯಬೇಕು. ಬೆಳಿಗ್ಗೆ ಮಿಕ್ಕಿದ್ದನ್ನು ಮಧ್ಯಾಹ್ನದವರೆಗೆ ಕಟ್ಟೆಯ ಮೇಲಿಟ್ಟು ಆಮೇಲೆ ಐಸ್ ಹಾಕುವುದು ನಮ್ಮಲ್ಲಿ ಸಾಮಾನ್ಯ. ಆರಿದ ಕಾಫಿಗೆ ಒಂದು ಥರದ ಹುಳಿ ಮತ್ತು ಒಗರು ಬಂದಿರುತ್ತದೆ. ಅದಕ್ಕೆ ಕಾರಣವಿದೆ: ಬಿಸಿಯಾಗಿರುವಷ್ಟು ಹೊತ್ತೂ ಕಾಫಿಯೊಳಗಿನ ಕೆಲವು ಸಂಯುಕ್ತಗಳು ಒಡೆದು ಕ್ವಿನಿಕ್ ಆಮ್ಲದಂಥವು ಹೆಚ್ಚುತ್ತ ಹೋಗುತ್ತವೆ, ಪರಿಮಳ ಹಾರಿಹೋಗುತ್ತದೆ. ಆರಿದ್ದನ್ನು ಮತ್ತೆ ಬಿಸಿ ಮಾಡಿದರಂತೂ ಇನ್ನೂ ಕೆಡುತ್ತದೆ. ಪರಿಹಾರ ಸುಲಭ. ಫಿಲ್ಟರಿನ ಕೆಳಗಿನ ಪಾತ್ರೆಯನ್ನು ತಣ್ಣೀರು ತುಂಬಿದ ಅಗಲ ಬಟ್ಟಲಿನಲ್ಲಿಡಿ. ಸ್ಟೀಲು, ಹಿತ್ತಾಳೆ ಎರಡೂ ಶಾಖವನ್ನು ಬೇಗ ಬಿಟ್ಟುಕೊಡುತ್ತವೆ. ಹತ್ತು ನಿಮಿಷದಲ್ಲಿ ಡಿಕಾಕ್ಷನ್ ತಣಿದಿರುತ್ತದೆ. ಆಮೇಲೆ ಗಾಜಿನ ಬಾಟಲಿಗೆ ಬಗ್ಗಿಸಿ, ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಚೆನ್ನಾಗಿರುತ್ತದೆ. ಮೂರನೆಯ ದಿನಕ್ಕೆ ಕೆಟ್ಟುಹೋಗುತ್ತದೆ ಎಂದಲ್ಲ, ಕುಡಿಯುವ ಸುಖ ಇರುವುದಿಲ್ಲ.

ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಬಿಸಿ ಕಾಫಿ ನೇರವಾಗಿ ಐಸಿನ ಮೇಲೇ ತೊಟ್ಟಿಕ್ಕುವಂತೆ ಮಾಡುತ್ತಾರೆ. ಕರಗುವ ಐಸನ್ನೂ ನೀರಿನ ಲೆಕ್ಕಕ್ಕೆ ಸೇರಿಸಿಕೊಂಡು ಬಿಸಿನೀರನ್ನು ಅಷ್ಟು ಕಡಿಮೆ ಹಾಕುತ್ತಾರೆ. ನಮ್ಮ ಫಿಲ್ಟರಿನಲ್ಲೂ ಇದು ಆಗುತ್ತದೆ. ಕೆಳಗಿನ ಪಾತ್ರೆಗೆ 60 ಗ್ರಾಂ, ಅಂದರೆ ಮೂರ್ನಾಲ್ಕು ತುಂಡು ಐಸ್ ಹಾಕಿ. ಮೇಲೆ 40 ಗ್ರಾಂ ಪುಡಿಗೆ 160 ಮಿ.ಲೀ. ಮಾತ್ರ ಬಿಸಿನೀರು. ತೊಟ್ಟು ಬಿದ್ದ ಕೂಡಲೇ ತಣಿಯುವುದರಿಂದ ಪರಿಮಳ ಹೊರಗೆ ಹಾರುವ ಮೊದಲೇ ಒಳಗೆ ಸಿಕ್ಕಿಕೊಳ್ಳುತ್ತದೆ. ಹಾಲಿಲ್ಲದೆ ಕುಡಿಯುವವರಿಗೆ ನನ್ನ ಮೊದಲ ಶಿಫಾರಸು ಇದೇ.

ಐಸನ್ನೂ ಒಂದು ಸಾಮಗ್ರಿ ಎಂದೇ ಎಣಿಸಬೇಕು, ಅದು ಕೊನೆಗೆ ಹೊಟ್ಟೆಗೇ ಹೋಗುತ್ತದೆ. ಬೆಂಗಳೂರು, ಕೋಲಾರದ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಕಾಫಿಯ ರುಚಿಯನ್ನು ಚಪ್ಪಟೆ ಮಾಡುತ್ತದೆ. ಐಸಿನಲ್ಲೂ ಅದೇ ನೀರಿದ್ದರೆ ದೋಷ ಇಮ್ಮಡಿ. ಕುಡಿಯಲು ಬಳಸುವ ಶುದ್ಧ ನೀರಿನಲ್ಲೇ ಐಸ್ ಮಾಡಿ. ಮುಚ್ಚದ ಟ್ರೇ ಫ್ರೀಜರಿನ ಮೀನು, ಬೆಳ್ಳುಳ್ಳಿ, ತೆಂಗಿನತುರಿಯ ವಾಸನೆಯನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಮುಚ್ಚಿಡಿ. ತುಂಡು ದೊಡ್ಡದಾದಷ್ಟೂ ಹೊರಮೈ ಕಡಿಮೆ, ಕರಗುವುದೂ ನಿಧಾನ. ಸಣ್ಣ ಸ್ಟೀಲ್ ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿದರೂ ಆಯಿತು. ಡಿಕಾಕ್ಷನ್ನನ್ನೇ ಸ್ವಲ್ಪ ತೆಳು ಮಾಡಿ ಟ್ರೇಯಲ್ಲಿ ಹೆಪ್ಪುಗಟ್ಟಿಸುವ ಉಪಾಯ ಬಹಳ ಜನ ಹೇಳುತ್ತಾರೆ. ಹಾಲಿನ ಕಾಫಿಗೆ ಅದು ನಿಜವಾಗಿ ಕೆಲಸ ಮಾಡುತ್ತದೆ, ಕೊನೆಯ ಗುಟುಕಿನವರೆಗೂ ರುಚಿ ಇಳಿಯುವುದಿಲ್ಲ.

ಸಕ್ಕರೆ ಡಿಕಾಕ್ಷನ್ ಬಿಸಿಯಿರುವಾಗಲೇ ಕರಗಬೇಕು. ತಣ್ಣೀರಿನಲ್ಲಿ ಸಕ್ಕರೆ ಕರಗುವುದೇ ಇಲ್ಲ ಎಂದು ತಿಳಿದವರಿದ್ದಾರೆ. ಹಾಗಲ್ಲ, ಐಸ್‌ನಷ್ಟು ತಣ್ಣಗಿರುವ ನೀರಿನಲ್ಲೂ ಅದು ಧಾರಾಳವಾಗಿ ಕರಗಬಲ್ಲದು. ಆದರೆ ತುಂಬಾ ನಿಧಾನ, ಅಷ್ಟು ಹೊತ್ತು ಯಾರೂ ಕದಡುತ್ತ ಕೂರುವುದಿಲ್ಲ. ಕೊನೆಗೆ ಲೋಟದ ತಳದಲ್ಲಿ ಹರಳು ಉಳಿಯುತ್ತದೆ, ಮೇಲಿನ ಕಾಫಿ ಸಪ್ಪೆ. ಇನ್ನೊಂದು ಸಂಗತಿ ನೆನಪಿರಲಿ: ತಂಪಾದಾಗ ನಾಲಗೆ ಸಿಹಿಯನ್ನು ಕಡಿಮೆ ಗುರುತಿಸುತ್ತದೆ. ಹಾಗಾಗಿ ಬಿಸಿ ಕಾಫಿಗೆ ಸಾಕಾಗುವ ಸಕ್ಕರೆ ಇಲ್ಲಿ ಕಡಿಮೆ ಎನಿಸುತ್ತದೆ. ಆ ಮೋಸಕ್ಕೆ ಬಿದ್ದು ಚಮಚದ ಮೇಲೆ ಚಮಚ ಸುರಿಯುವುದಕ್ಕಿಂತ ಚಿಟಿಕೆಯ ಕಾಲುಭಾಗದಷ್ಟು ಉಪ್ಪು ಹಾಕಿ ನೋಡಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಇರುವ ಸಿಹಿ ಮೇಲೆ ಬರುತ್ತದೆ.

ಹಾಲಿನ ವಿಷಯದಲ್ಲಿ ನಮ್ಮ ಮನೆಗಳಿಗೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ತೊಡಕು ಕೆನೆಯದು. ಕಾಯಿಸಿದ ಹಾಲಿನ ಕೆನೆ ತಂಪಿನಲ್ಲಿ ಗಟ್ಟಿಯಾಗಿ ಕಾಫಿಯ ಮೇಲೆ ಬಿಳಿ ಚೂರುಗಳಾಗಿ ತೇಲುತ್ತದೆ, ತುಟಿಗೆ ಅಂಟುತ್ತದೆ. ಸೋಸಿ ಹಾಕಿದರೆ ತೀರಿತು. ಅನುಕೂಲವೆಂದರೆ ನಾವು ಹೇಗೂ ಹಾಲು ಕಾಯಿಸುತ್ತೇವೆ. ಇನ್ನೊಂದಿಷ್ಟು ಹೊತ್ತು ಒಲೆಯ ಮೇಲೆ ಬಿಟ್ಟು ಅರ್ಧ ಲೀಟರನ್ನು 400 ಮಿ.ಲೀ.ಗೆ ಬತ್ತಿಸಬಹುದು. ಹಾಲಿನಲ್ಲಿ ಶೇ 87ರಷ್ಟು ನೀರೇ. ಐಸಿನಿಂದ ಬರಲಿರುವ ನೀರನ್ನು ಮೊದಲೇ ಹಾಲಿನಿಂದ ತೆಗೆದಿಟ್ಟರೆ ಲೆಕ್ಕ ಸರಿಹೋಗುತ್ತದೆ. ಶೇ 3ರಷ್ಟು ಕೊಬ್ಬಿರುವ ಟೋನ್ಡ್ ಹಾಲನ್ನು ಹಾಗೇ ಹಾಕಿದರೆ ಐಸ್ ಕಾಫಿ ಬಡಕಲೆನಿಸುತ್ತದೆ; ಬತ್ತಿಸಿದರೆ ಅದೇ ಹಾಲು ದುಂಡಗಿನ ರುಚಿ ಕೊಡುತ್ತದೆ. ಕಾಯಿಸಿದ ಹಾಲನ್ನು ಪೂರ್ತಿ ತಣಿಸಿ ಫ್ರಿಜ್‌ನಲ್ಲಿಟ್ಟು, ಕಾಫಿ ಬೆರೆಸುವ ಹೊತ್ತಿಗಷ್ಟೇ ಹೊರತೆಗೆಯಿರಿ.

ಬೆರೆಸುವ ಕ್ರಮ ಹೀಗೆ: ಎತ್ತರದ ಲೋಟಕ್ಕೆ ಮುಕ್ಕಾಲು ಭಾಗ ಐಸ್, ಅದರ ಮೇಲೆ ಸಿಹಿ ಬೆರೆತ ತಣ್ಣನೆಯ ಡಿಕಾಕ್ಷನ್, ಕೊನೆಗೆ ಹಾಲು. ಐಸ್ ಕಡಿಮೆ ಹಾಕಿದರೆ ನೀರಾಗುವುದು ತಪ್ಪುತ್ತದೆ ಎಂಬ ಎಣಿಕೆ ತಪ್ಪು. ತುಂಬಾ ಐಸ್ ಇದ್ದರೆ ಲೋಟ ಬೇಗ ತಣಿದು ಕರಗುವಿಕೆ ನಿಧಾನವಾಗುತ್ತದೆ. ನೊರೆ ಬೇಕೆಂದರೆ ಐಸಿನ ಸಮೇತ ಭದ್ರ ಮುಚ್ಚಳದ ಬಾಟಲಿಗೆ ಹಾಕಿ ಅರ್ಧ ನಿಮಿಷ ಕುಲುಕಿ. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಫಿಲ್ಟರ್ ಇಲ್ಲದಿದ್ದರೂ ಒಂದೂವರೆ ಚಮಚ ಇನ್‌ಸ್ಟಂಟ್ ಪುಡಿ, ಸಕ್ಕರೆ, ನಾಲ್ಕು ಚಮಚ ತಣ್ಣೀರು ಇದೇ ರೀತಿ ಕುಲುಕಿದರೆ ಗ್ರೀಸ್‌ನವರ ಫ್ರಾಪೆ ಸಿಗುತ್ತದೆ. ಇನ್‌ಸ್ಟಂಟ್ ಪುಡಿಯಲ್ಲಿ ಎಣ್ಣೆಯಂಶ ಬಹಳ ಕಡಿಮೆಯಿರುವುದರಿಂದ ಆ ನೊರೆ ಬೇಗ ಒಡೆಯುವುದಿಲ್ಲ.

ಕೋಲ್ಡ್ ಬ್ರೂ ಎಂಬುದು ಬೇರೆಯೇ ವಿಧಾನ. ಅಲ್ಲಿ ಬಿಸಿನೀರೇ ಇಲ್ಲ; ಪುಡಿ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಯುತ್ತದೆ. ಶಾಖ ಬೇಗ ಮಾಡುವ ಕೆಲಸವನ್ನು ಸಮಯ ನಿಧಾನವಾಗಿ ಮಾಡುತ್ತದೆ. ಎಲ್ಲವೂ ಹೊರಬರುವುದಿಲ್ಲ, ಕಹಿ ಮತ್ತು ಹುಳಿಯ ಕೆಲವು ಅಂಶಗಳು ಪುಡಿಯಲ್ಲೇ ಉಳಿಯುತ್ತವೆ. ಹಾಗಾಗಿ ರುಚಿ ಮೆತ್ತಗೆ, ಸ್ವಲ್ಪ ಕೋಕೊ ನೆನಪಿಸುವಂತೆ. ಫಿಲ್ಟರ್ ಪುಡಿ ಇದಕ್ಕೆ ಆಗದು, ತೀರಾ ನುಣುಪಾಗಿರುವುದರಿಂದ ಸೋಸಲು ಬಾರದೆ ಕೆಸರಾಗುತ್ತದೆ. ಅಂಗಡಿಯಲ್ಲಿ ಬನ್ಸಿ ರವೆಯ ಹದಕ್ಕೆ ಬೀಸಿಕೊಡಿ ಎಂದು ಕೇಳಿ. 100 ಗ್ರಾಂ ಪುಡಿಗೆ 800 ಮಿ.ಲೀ. ನೀರು ಹಾಕಿ ಕಲಸಿ, ಮುಚ್ಚಿ, 12ರಿಂದ 16 ಗಂಟೆ ಇಡಿ. ನಮ್ಮ ಬೇಸಿಗೆಯಲ್ಲಿ ಇದನ್ನು ಹೊರಗಿಡುವುದು ಸುರಕ್ಷಿತವಲ್ಲ, ಫ್ರಿಜ್‌ನಲ್ಲೇ ಇರಲಿ. ಮೊದಲು ಜರಡಿಯಲ್ಲಿ, ಆಮೇಲೆ ತೊಳೆದ ತೆಳು ಹತ್ತಿಬಟ್ಟೆಯಲ್ಲಿ ಸೋಸಿದರೆ ಸುಮಾರು 600 ಮಿ.ಲೀ. ಗಟ್ಟಿ ರಸ ಸಿಗುತ್ತದೆ. ಬಟ್ಟೆ ಹಿಂಡಬೇಡಿ, ಹಿಂಡಿದರೆ ಗಸಿ ಇಳಿಯುತ್ತದೆ. ಕುಡಿಯುವಾಗ ಅಷ್ಟೇ ನೀರು ಅಥವಾ ಹಾಲು ಬೆರೆಸಿ. ನಾಲ್ಕೈದು ದಿನ ಕೆಡುವುದಿಲ್ಲ. ‘ಗ್ಯಾಸ್ಟ್ರಿಕ್ ಇದ್ದವರಿಗೆ ಕೋಲ್ಡ್ ಬ್ರೂ ಔಷಧ’ ಎನ್ನುವ ಪ್ರಚಾರವನ್ನು ಮಾತ್ರ ನಂಬಬೇಡಿ. ಅದರಲ್ಲಿ ಒಟ್ಟು ಆಮ್ಲದ ಪ್ರಮಾಣ ಸ್ವಲ್ಪ ಕಡಿಮೆಯಿರಬಹುದು, ಆದರೆ ಕೆಫೀನ್ ಇದ್ದೇ ಇರುತ್ತದೆ, ಹೊಟ್ಟೆಯುರಿ ಇರುವವರಿಗೆ ಅದೂ ಆಗಿಬರದು. ನನ್ನ ಮಟ್ಟಿಗೆ ಹಾಲಿನ ಐಸ್ ಕಾಫಿಗೆ ಫಿಲ್ಟರ್ ಡಿಕಾಕ್ಷನ್ನೇ ಮೇಲು. ಕೋಲ್ಡ್ ಬ್ರೂಗೆ ಅಷ್ಟು ಪುಡಿಯೂ ಅಷ್ಟು ಕಾಯುವಿಕೆಯೂ ಬೇಕು, ಹಾಲು ಬಿದ್ದಮೇಲೆ ಅದರ ಸೂಕ್ಷ್ಮವೆಲ್ಲ ಮರೆಯಾಗುತ್ತದೆ.

ಹಾಲಿಲ್ಲದ ಐಸ್ ಕಾಫಿಗೆ ನಮ್ಮದೇ ಒಂದು ಮೂಲವಿದೆ. ಮಲೆನಾಡಿನಲ್ಲೂ ಕೊಡಗಿನಲ್ಲೂ ಬೆಲ್ಲದ ಕಾಫಿ ಹಳೆಯ ರೂಢಿ: ಹಾಲಿಲ್ಲ, ಬೆಲ್ಲ ಹಾಕಿ ಕುದಿಸಿದ ನೀರಿಗೆ ಕಾಫಿ ಪುಡಿ. ಬಿಸಿ ಹಾಲಿನ ಜೊತೆ ಬೆಲ್ಲ ಸೇರಿದರೆ ಹಾಲು ಒಡೆಯುವ ಭಯವಿರುವುದರಿಂದ ಹಾಲಿಲ್ಲದೆ ಕುಡಿಯುವುದೇ ಸರಿಹೊಂದುತ್ತದೆ. ಇದನ್ನು ತಂಪಾಗಿ ಮಾಡಲು 30 ಗ್ರಾಂ ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಸೋಸಿ. ಒಂದು ಚೂರು ಜಜ್ಜಿದ ಶುಂಠಿ ಹಾಕಿದ್ದರೂ ನಡೆಯುತ್ತದೆ. ಐಸಿನ ಮೇಲೆ ಇಳಿಸಿದ ಅರೇಬಿಕಾ ಡಿಕಾಕ್ಷನ್‌ಗೆ ಈ ಪಾಕವನ್ನು ರುಚಿಗೆ ತಕ್ಕಷ್ಟು ಬೆರೆಸಿ, ಅರ್ಧ ಲೋಟ ತಣ್ಣೀರು ಸೇರಿಸಿ, ಕೆಲವು ಹನಿ ನಿಂಬೆರಸ ಹಿಂಡಿ. ಬೆಲ್ಲದ ಖನಿಜದ ಘಮ, ಅರೇಬಿಕಾದ ಹಣ್ಣಿನ ಹುಳಿ, ನಿಂಬೆ ಮೂರೂ ತಂಪಿನಲ್ಲಿ ಬಿಡಿಬಿಡಿಯಾಗಿ ನಾಲಗೆಗೆ ಸಿಗುತ್ತವೆ. ಬಿಸಿಯಲ್ಲಿ ಸಕ್ಕರೆ ಹಾಲಿನ ಕೆಳಗೆ ಹೂತುಹೋಗುವ ಬಾಬಾಬುಡನ್‌ಗಿರಿಯ ಕಾಫಿಯ ಗುಣ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಬೆಳೆಯುವ ಜಿಲ್ಲೆಯ ಜನರೇ ಆ ವ್ಯತ್ಯಾಸವನ್ನು ಸವಿಯದಿದ್ದರೆ ಆ ಮಾನ್ಯತೆ ರಫ್ತಿನ ಚೀಲದ ಮೇಲಿನ ಮುದ್ರೆಯಾಗಿ ಉಳಿಯುತ್ತದೆ ಎಂಬುದು ನನ್ನ ನಿಜವಾದ ಕಳವಳ.

ಈ ಕಾರಣಕ್ಕೇ ಐಸ್‌ಕ್ರೀಮ್, ಚಾಕೊಲೇಟ್ ಸಿರಪ್ ಹಾಕಿ ಮಿಕ್ಸಿಯಲ್ಲಿ ತಿರುವಿದ ಕೋಲ್ಡ್ ಕಾಫಿಯನ್ನು ನಾನು ಕಾಫಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ ಅದು ಒಳ್ಳೆಯ ಸಿಹಿತಿನಿಸು. ಅದರಲ್ಲಿ ಯಾವ ಪುಡಿ ಹಾಕಿದರೂ ಒಂದೇ ರುಚಿ.

ಪ್ರಮಾಣದ ಬಗ್ಗೆ ಒಂದು ಎಚ್ಚರಿಕೆ. ತಣ್ಣಗಿರುವುದನ್ನು ಬೇಗ ಕುಡಿದುಬಿಡುತ್ತೇವೆ, ಬಿಸಿ ಕಾಫಿಯಂತೆ ಊದಿ ಊದಿ ಹೀರುವುದಿಲ್ಲ. ಮೇಲೆ ಹೇಳಿದ ಒಂದು ಲೋಟದಲ್ಲಿ 20 ಗ್ರಾಂ ಪುಡಿಯ ಸಾರವಿದೆ, ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾಗಿಂತ ಹತ್ತಿರ ಹತ್ತಿರ ಇಮ್ಮಡಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ., ಗರ್ಭಿಣಿಯರಿಗೆ 200 ಮಿ.ಗ್ರಾಂ. ಕೆಫೀನ್‌ವರೆಗೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಬೆಳಗಿನ ಬಿಸಿ ಕಾಫಿಯೂ ಇರುವ ಮನೆಗಳಲ್ಲಿ ಮಧ್ಯಾಹ್ನ ಐಸ್ ಕಾಫಿ ಒಂದೇ ಲೋಟಕ್ಕೆ ನಿಲ್ಲಲಿ. ಸಂಜೆ ಐದರ ನಂತರ ಬೇಡ. ಗರ್ಭಿಣಿಯರು ಅರ್ಧ ಲೋಟಕ್ಕಿಂತ ಹೆಚ್ಚು ಕುಡಿಯದಿರುವುದು ಒಳ್ಳೆಯದು.

ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗುತ್ತದೆ, ರೊಬಸ್ಟಾದ್ದು ಮಾರ್ಚ್‌ನವರೆಗೂ ನಡೆಯುತ್ತದೆ. ಬಿಸಿಲು ಏರುವ ಹೊತ್ತಿಗೆ ತೋಟಗಳಲ್ಲಿ ಹೂಮಳೆಗಾಗಿ ಆಕಾಶ ನೋಡುತ್ತಿರುತ್ತಾರೆ, ಹೊಸ ಫಸಲು ಕ್ಯೂರಿಂಗ್ ವರ್ಕ್ಸ್ ದಾಟಿ ಹುರಿಯುವವರ ಕೈಗೆ ಬಂದಿರುತ್ತದೆ. ಐಸ್ ಕಾಫಿ ಮಾಡಿ ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನಿಮ್ಮ ಪುಡಿಯಂಗಡಿಗೆ ಹೋಗಿ ಬೀಜ ಎಲ್ಲಿಯದು, ಯಾವ ದಿನ ಹುರಿದದ್ದು, ಚಿಕೋರಿ ಎಷ್ಟು ಎಂಬ ಮೂರು ಪ್ರಶ್ನೆ ಕೇಳಿ, ನೂರು ಗ್ರಾಂ ಮಾತ್ರ ಬೀಸಿಸಿಕೊಂಡು ಬನ್ನಿ. ಈ ಬೇಸಿಗೆಯಲ್ಲಿ ಬಿಸಿಲಿನಿಂದ ಬಂದ ನೆಂಟರಿಗೆ ಬಾಟಲಿಯ ಬಣ್ಣದ ನೀರು ಕೊಡುವ ಬದಲು ನಿಮ್ಮ ಫಿಲ್ಟರಿನಿಂದ ಇಳಿಸಿದ ತಣ್ಣನೆಯ ಕಾಫಿ ಕೊಡಿ.